ಸಿನಿಮಾ ಕೆಮಿಸ್ಟ್ರಿಗೆ ಗಡಿಯಾರ ಇಲ್ಲ

ಕಳ್ಳ ಹಿಂದಿನಿಂದ ಬರುತ್ತಾನೆ. ಕರ್ಚೀಫ್ ತೆಗೆದು ನಾಯಕಿಯ ಮೂಗಿಗೆ ಒತ್ತುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಕೆ ಧೊಪ್ಪನೆ ಬೀಳುತ್ತಾಳೆ. ಮುಂದಿನ ಸೀನ್‌ನಲ್ಲಿ ಹಳೇ ಗೋಡೌನು, ಕುರ್ಚಿಗೆ ಕಟ್ಟಿದ ಕೈ, ತೂಗಾಡುವ ಒಂದು ಬಲ್ಬು. ಕನ್ನಡ, ತೆಲುಗು, ಹಿಂದಿ, ಯಾವ ಭಾಷೆಯಾದರೂ ಸರಿ. ಬಳ್ಳಾರಿಯಲ್ಲಿ ನಾವು ಮೂರನ್ನೂ ನೋಡುವ ಜನ. ಮೂರರಲ್ಲೂ ಕ್ಲೋರೋಫಾರ್ಮ್ ಹೀಗೇ ಕೆಲಸ ಮಾಡುತ್ತದೆ.

ನಿಜದಲ್ಲಿ ಮಾಡಲ್ಲ. ಅದರಿಂದ ಪ್ರಜ್ಞೆ ತಪ್ಪಬೇಕಾದರೆ ಕೆಲವು ನಿಮಿಷ ಬಿಡದೆ ಉಸಿರಾಡಬೇಕು. ಅಷ್ಟು ಹೊತ್ತು ಕೈಕಾಲು ಬಡಿಯುವ ಮನುಷ್ಯರನ್ನು ಹಿಡಿದುಕೊಳ್ಳೋದು ಹುಡುಗಾಟವಾ? ಪ್ರಜ್ಞೆ ತಪ್ಪಿದ ಮೇಲೂ ಕೊಡುತ್ತಲೇ ಇರಬೇಕು, ಇಲ್ಲದಿದ್ದರೆ ಎಚ್ಚರವಾಗುತ್ತದೆ. ಕೈ ಮೀರಿದರೆ ಪ್ರಾಣವೇ ಹೋಗುತ್ತದೆ.

1847ರಲ್ಲಿ ಎಡಿನ್‌ಬರೋದ ಡಾಕ್ಟರ್ ಜೇಮ್ಸ್ ಸಿಂಪ್ಸನ್ ಇದನ್ನು ಹೆರಿಗೆ ನೋವಿಗೆ ಬಳಸಲು ಶುರು ಮಾಡಿದರು. ಬಹಳ ಬೇಗ ಜನಪ್ರಿಯವಾಯಿತು. ಜೊತೆಗೆ ಆಪರೇಷನ್ ಟೇಬಲ್ ಮೇಲೆ ಸಾವುಗಳೂ ಶುರುವಾದವು. ಉಸಿರು ನಿಂತು ಸಾಯುತ್ತಾರಾ, ಹೃದಯ ನಿಂತು ಸಾಯುತ್ತಾರಾ ಅಂತ ಡಾಕ್ಟರುಗಳಲ್ಲೇ ದೊಡ್ಡ ಜಗಳ. ಅದನ್ನು ತೀರಿಸಲು ಪ್ರಯೋಗ ನಡೆದದ್ದು ಎಲ್ಲಿ ಗೊತ್ತಾ? ಹೈದರಾಬಾದಿನಲ್ಲಿ, 1888 ಮತ್ತು 1889ರಲ್ಲಿ, ನಿಜಾಮರ ದುಡ್ಡಿನಲ್ಲಿ. ಆಗ ರಾಯಚೂರು, ಕೊಪ್ಪಳ ಎರಡೂ ನಿಜಾಮರ ಕೈಯಲ್ಲಿದ್ದವು, ನಮ್ಮ ಬಳ್ಳಾರಿ ಮಾತ್ರ ಮದ್ರಾಸಿನವರ ಕೈಯಲ್ಲಿ. ಎಡ್ವರ್ಡ್ ಲಾರಿ ಎಂಬ ಸರ್ಜನ್ ಮುಂದೆ ನಿಂತು ನಾಯಿ, ಕೋತಿಗಳ ಮೇಲೆ ನೂರಾರು ಪ್ರಯೋಗ ಮಾಡಿಸಿದರು. ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಡಾಕ್ಟರ್ ಬಂದರು. ಹೃದಯಕ್ಕೆ ನೇರ ಅಪಾಯ ಇಲ್ಲ, ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು ಅಂತ ತೀರ್ಪು ಬಂತು. 1911ರಲ್ಲಿ ಲೆವಿ ಎಂಬ ಸಂಶೋಧಕ ಅದನ್ನೂ ತಲೆಕೆಳಗು ಮಾಡಿದರು. ಕ್ಲೋರೋಫಾರ್ಮ್‌ಗೆ ಹೃದಯದ ಬಡಿತವೇ ದಿಢೀರನೆ ಹಳಿ ತಪ್ಪಬಹುದು ಅಂತ ತೋರಿಸಿಕೊಟ್ಟರು.

ಇಷ್ಟು ಜನ ಇಷ್ಟು ವರ್ಷ ತಲೆ ಕೆಡಿಸಿಕೊಂಡ ವಸ್ತುವನ್ನು ನಮ್ಮ ಸಿನಿಮಾ ರೌಡಿ ಅಂದಾಜಿನ ಮೇಲೆ ಕರ್ಚೀಫಿಗೆ ಸುರಿದುಕೊಂಡು ಬರುತ್ತಾನೆ. ಒಂದು ಸಲವೂ ಲೆಕ್ಕ ತಪ್ಪಲ್ಲ.

ನನ್ನ ತಕರಾರು ಇಷ್ಟೇ. ಸಿನಿಮಾದವರು ತೋರಿಸುವ ಕೆಮಿಸ್ಟ್ರಿ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಬಹಳಷ್ಟು ಸಲ ವಸ್ತು ಸರಿಯಾಗೇ ಇರುತ್ತದೆ. ಎರಡನ್ನು ಮಾತ್ರ ಕತ್ತರಿಸಿ ಬಿಸಾಡಿರುತ್ತಾರೆ: ಎಷ್ಟು ಹೊತ್ತು, ಎಷ್ಟು ಪ್ರಮಾಣ. ಇದು ತಲೆಗೆ ಹೊಕ್ಕ ಮೇಲೆ ನನಗೆ ಸಿನಿಮಾ ನೋಡುವ ಖುಷಿ ಜಾಸ್ತಿಯೇ ಆಗಿದೆ. ಪಕ್ಕದಲ್ಲಿ ಕೂತವರಿಗೆ ಕಡಿಮೆ ಆಗಿರಬಹುದು.

ಹೊತ್ತು ಮತ್ತು ಪ್ರಮಾಣ ಅಂದರೆ ಏನು ಅಂತ ನೋಡಬೇಕಾದರೆ ಬಳ್ಳಾರಿಯ ಜೀನ್ಸ್ ವಾಶಿಂಗ್ ಯೂನಿಟ್‌ಗೆ ಹೋಗಬೇಕು. ನಮ್ಮೂರಿನ ಜೀನ್ಸ್ ಎಲ್ಲರಿಗೂ ಗೊತ್ತು. ಕೌಲ್ ಬಜಾರ್ ಕಡೆ ಹೋದರೆ ಮನೆಮನೆಯಲ್ಲೂ ಹೊಲಿಗೆ ಮಷೀನಿನ ಸದ್ದು. ಆದರೆ ಹೊಲಿದ ಪ್ಯಾಂಟು ಅಂಗಡಿಗೆ ಹೋಗುವ ಮೊದಲು ಅದರ ಬಣ್ಣ ತೆಗೆಯುವ ಕೆಲಸ ಒಂದಿದೆ. ಪರಿಚಯದವರ ಯೂನಿಟ್‌ನಲ್ಲಿ ನಿಂತು ನೋಡಿದ್ದೇನೆ. ಗಾಳಿ ತುಂಬಿದ ಕಾಲಿನಾಕಾರದ ಬಲೂನಿಗೆ ಪ್ಯಾಂಟು ತೊಡಿಸುತ್ತಾರೆ. ಮಾಸ್ಕ್ ಹಾಕಿದ ಹುಡುಗ ಸ್ಪ್ರೇ ಗನ್ ಹಿಡಿದು ತೊಡೆ, ಮಂಡಿ ಮೇಲೆ ನೇರಳೆ ನೀರು ಹೊಡೆಯುತ್ತಾನೆ. ಅದೇ ಪೊಟ್ಯಾಶಿಯಂ ಪರ್ಮಾಂಗನೇಟ್. ಇವರ ಬಾಯಲ್ಲಿ ಬರೀ ಪಿಪಿ. ಹೊಡೆದಾಗ ನೀಲಿ ಬಟ್ಟೆ ಮೇಲೆ ಕಡು ನೇರಳೆ. ಸ್ವಲ್ಪ ಹೊತ್ತಿಗೆ ಅದು ತುಕ್ಕು ಹಿಡಿದ ಹಾಗೆ ಕಂದು. ನೋಡಿದರೆ ಪ್ಯಾಂಟು ಹಾಳಾಯ್ತು ಅನ್ನಿಸಬೇಕು, ಹಾಗಿರುತ್ತದೆ.

"ಇದು ಬೆಳ್ಳಗೆ ಯಾವಾಗ ಆಗುತ್ತೆ ತಮ್ಮಾ?" ಅಂತ ಕೇಳಿದೆ.

"ತಡೀರಿ ಅಣ್ಣಾ, ಈಗಲೇ ಆಗಲ್ಲ. ಇನ್ನಾ ನ್ಯೂಟ್ರಲ್ ಆಗ್ಬೇಕು. ಜಾಸ್ತಿ ಹೊತ್ತು ಬಿಟ್ರೆ ಬಟ್ಟೇನೇ ಹೋಗ್ತದೆ, ಕಡಿಮೆ ಬಿಟ್ರೆ ಪಾರ್ಟಿ ವಾಪಸ್ ಕಳಿಸ್ತಾನೆ."

ನ್ಯೂಟ್ರಲ್ ಅಂದರೆ ಸೋಡಿಯಂ ಮೆಟಾಬೈಸಲ್ಫೈಟ್ ಕರಗಿಸಿದ ನೀರಿನಲ್ಲಿ ತಿರುಗಿಸೋದು. ಆ ಕಂದು ಬಣ್ಣ ಮ್ಯಾಂಗನೀಸ್ ಡೈಆಕ್ಸೈಡ್. ಪರ್ಮಾಂಗನೇಟು ನೀಲಿಯನ್ನು ಮುರಿದು ತಾನು ಹೀಗಾಗಿರುತ್ತದೆ. ಮೆಟಾಬೈಸಲ್ಫೈಟ್ ಅದನ್ನು ಕರಗಿಸಿ ತೆಗೆದ ಮೇಲೆ ಕೆಳಗಿನ ಬಿಳಿ ಹೊರಗೆ ಬರುತ್ತದೆ. ಸ್ಪ್ರೇ ಹೊಡೆಯುವ ಹುಡುಗನ ಉಗುರಿನ ಸಂದಿಯಲ್ಲೂ ಅದೇ ಕಂದು. ಸೋಪಿಗೆ ಜಗ್ಗಲ್ಲ. ಆ ತುಂತುರು ಕಣ್ಣಿಗೆ, ಎದೆಗೆ ಒಳ್ಳೆಯದಲ್ಲ. ಮ್ಯಾಂಗನೀಸ್ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ನರಗಳಿಗೇ ಪೆಟ್ಟು. ಒಂದು ದಿನದಲ್ಲಿ ಏನೂ ಕಾಣಲ್ಲ, ಹಾಗಾಗಿ ಬಿಸಿಲು ಜೋರಾದ ದಿನ ಮಾಸ್ಕು ಗಲ್ಲಕ್ಕೆ ಇಳಿದಿರುತ್ತದೆ. ಬಳ್ಳಾರಿ ಬಿಸಿಲಲ್ಲಿ ಮಾಸ್ಕ್ ಹಾಕು ಅಂತ ಫ್ಯಾನ್ ಕೆಳಗೆ ಕೂತು ಹೇಳೋದು ಸುಲಭ, ಅದೂ ನಿಜ. ಒಳ್ಳೆ ಎಕ್ಸಾಸ್ಟ್ ಹಾಕಿಸೋದು ಮಾಲೀಕರ ಕೆಲಸ, ಹುಡುಗನದ್ದಲ್ಲ.

ತಮಾಷೆ ಏನು ಗೊತ್ತಾ? ಆ್ಯಸಿಡ್ ವಾಶ್ ಜೀನ್ಸ್ ಅಂತ ಮಾರುತ್ತಾರಲ್ಲ, ಅದರಲ್ಲಿ ಬಣ್ಣ ತೆಗೆಯೋದು ಆ್ಯಸಿಡ್ ಅಲ್ಲವೇ ಅಲ್ಲ. ಜ್ವಾಲಾಮುಖಿಯಿಂದ ಬಂದ ಹಗುರ ಪ್ಯೂಮಿಸ್ ಕಲ್ಲನ್ನು ಪರ್ಮಾಂಗನೇಟಿನಲ್ಲೋ ಬ್ಲೀಚಿನಲ್ಲೋ ನೆನೆಸಿ, ಪ್ಯಾಂಟಿನ ಜೊತೆ ಡ್ರಮ್ಮಿಗೆ ಹಾಕಿ ತಿರುಗಿಸುತ್ತಾರೆ. ಕಲ್ಲು ತಾಗಿದಲ್ಲಿ ಬಿಳಿ, ತಾಗದಲ್ಲಿ ನೀಲಿ. ಹೆಸರಿಗೆ ಸಿನಿಮಾದವರ ಗತ್ತು ಬೇಕಿತ್ತು ಅಂತ ಕಾಣುತ್ತೆ.

ಬಣ್ಣ ಇಷ್ಟು ಸುಲಭವಾಗಿ ಹೋಗಲು ಕಾರಣ ಬಣ್ಣ ಹಾಕುವ ರೀತಿಯಲ್ಲೇ ಇದೆ. ನೀಲಿ, ಅಂದರೆ ಇಂಡಿಗೋ, ನೀರಿನಲ್ಲಿ ಕರಗಲ್ಲ. ಮಿಲ್ಲಿನಲ್ಲಿ ಅದನ್ನು ಹೈಡ್ರೋಸಲ್ಫೈಟ್ ಹಾಕಿ ಹಳದಿ ಬಣ್ಣದ ಬೇರೆ ರೂಪಕ್ಕೆ ತರುತ್ತಾರೆ. ಆ ರೂಪ ಕರಗುತ್ತದೆ. ದಾರವನ್ನು ಅದರಲ್ಲಿ ಅದ್ದಿ ಎತ್ತಿದರೆ ಮೊದಲು ಹಳದಿ ಹಸಿರು. ಗಾಳಿ ತಾಕಿದ ಹಾಗೆ ಕಣ್ಣೆದುರೇ ನೀಲಿಯಾಗುತ್ತದೆ. ನಾನು ನೋಡಿದ ಯಾವ ಸಿನಿಮಾದಲ್ಲೂ ಇಷ್ಟು ಚೆಂದದ ಸೀನ್ ಇಲ್ಲ. ಬಣ್ಣ ದಾರದ ಹೊರಮೈಗೆ ಮಾತ್ರ ಕೂರುತ್ತದೆ, ಒಳಗೆ ಬಿಳಿಯೇ. ಉಜ್ಜಿದರೆ ಬಿಳಿ ಕಾಣೋದು ಅದಕ್ಕೇ. ಇಂಡಿಗೋದ ಒಳರಚನೆ ಬಿಡಿಸಿದ ಅಡಾಲ್ಫ್ ಫಾನ್ ಬೇಯರ್‌ಗೆ 1905ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲು, 1897ರಲ್ಲೇ ಜರ್ಮನಿಯ ಬಿಎಎಸ್‌ಎಫ್ ಕಾರ್ಖಾನೆ ಇಂಡಿಗೋ ಮಾರಲು ಶುರು ಮಾಡಿ ನಮ್ಮ ದೇಶದ ನೀಲಿ ಬೆಳೆಯ ವ್ಯಾಪಾರವನ್ನು ಮಲಗಿಸಿತ್ತು.

ಅದೇ ಪರ್ಮಾಂಗನೇಟಿಗೆ ಸಿನಿಮಾದಲ್ಲಿ ಇನ್ನೊಂದು ಪಾತ್ರ ಇದೆ. ಸ್ವಾಮೀಜಿ ಬೆಂಕಿಪೊಟ್ಟಣ ಮುಟ್ಟದೆ ಹೋಮ ಹೊತ್ತಿಸುತ್ತಾನೆ. ಕುಂಡದಲ್ಲಿ ಪರ್ಮಾಂಗನೇಟ್ ಪುಡಿ ಇಟ್ಟು, ತುಪ್ಪ ಅಂತ ಗ್ಲಿಸರಿನ್ ಬಿಟ್ಟರೆ ತಾನಾಗೇ ಉರಿ ಏಳುತ್ತದೆ. ಸಿನಿಮಾದಲ್ಲಿ ತುಪ್ಪ ಬಿದ್ದ ಕೂಡಲೇ ಭಗ್ ಅನ್ನುತ್ತದೆ. ನಿಜದಲ್ಲಿ ಸ್ವಲ್ಪ ಹೊತ್ತು ಏನೂ ಆಗಲ್ಲ. ಒಳಗೇ ಬಿಸಿ ಏರುತ್ತಾ ಹೋಗಿ, ಹೊಗೆ ಬಂದು, ಆಮೇಲೆ ಜ್ವಾಲೆ. ಪುಡಿ ದಪ್ಪಗಿದ್ದರೆ, ಹವೆ ತಣ್ಣಗಿದ್ದರೆ ಇನ್ನೂ ತಡ. ಊರಲ್ಲಿ ಪವಾಡ ಮಾಡುವವರು ಆ ಹೊತ್ತನ್ನು ಮಂತ್ರ ಹೇಳಿ ತುಂಬಿಸುತ್ತಾರೆ! ಅವರಿಗೆ ಸಿನಿಮಾದವರಿಗಿಂತ ಚೆನ್ನಾಗಿ ಕೆಮಿಸ್ಟ್ರಿ ಗೊತ್ತು, ಒಪ್ಪಲೇಬೇಕು. ಇಂಥವನ್ನೆಲ್ಲ ಪರೀಕ್ಷೆ ಮಾಡೋಣ ಬನ್ನಿ ಅಂತ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಸಮಿತಿಯನ್ನೇ ಮಾಡಿದ್ದರು. (ಮನೆಯಲ್ಲಿ ಮಾಡಿ ನೋಡಬೇಡಿ. ಕೈ ಸುಟ್ಟುಕೊಂಡರೆ ನನ್ನನ್ನು ಕೇಳಬೇಡಿ.)

ಮನೆಯಲ್ಲಿ ಮಾಡಬಹುದಾದ್ದು ಬೇರೆ ಇದೆ, ನಮ್ಮ ಅಮ್ಮಂದಿರು ಮಾಡುತ್ತಲೇ ಬಂದಿದ್ದಾರೆ. ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ. ಕೆಂಪು ಓಕುಳಿ ರೆಡಿ. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಕಿದರೆ ಕೆಂಪಾಗುತ್ತದೆ, ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಲ್ಯಾಬಿನ ಲಿಟ್ಮಸ್ ಮಾಡುವ ಕೆಲಸವನ್ನೇ ಆರತಿ ತಟ್ಟೆ ಮಾಡುತ್ತದೆ. ಬಿಳಿ ಅಂಗಿ ಮೇಲೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದ ಕೂಡಲೇ ಕೆಂಪಾಗೋದೂ ಇದೇ ಆಟ.

ಇನ್ನು ಸಯನೈಡ್. ಸಿನಿಮಾದಲ್ಲಿ ಅದು ವಿಲನ್ನಿನ ಉಂಗುರದಲ್ಲಿರುತ್ತದೆ. ರಾಯಚೂರು ಜಿಲ್ಲೆಯಲ್ಲಿ ಅದು ಕೂಲಿ ಮಾಡುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಹೆಸರು ಕೇಳಿರುತ್ತೀರಿ. ಗಣಿ ಸಿನಿಮಾಗಳಲ್ಲಿ ಸುತ್ತಿಗೆ ಬಿದ್ದಲ್ಲೆಲ್ಲ ಚಿನ್ನ ಫಳಫಳ ಅನ್ನುತ್ತದೆ. ನಿಜವಾದ ಅದಿರಿನಲ್ಲಿ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನ. ಕಣ್ಣಿಗೇ ಕಾಣಲ್ಲ. ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ತೆಳುವಾದ ಸೋಡಿಯಂ ಸಯನೈಡ್ ದ್ರಾವಣದಲ್ಲಿ ಗಂಟೆಗಟ್ಟಲೆ ಕಲಕುತ್ತಾರೆ. ಗಾಳಿಯ ಆಕ್ಸಿಜನ್ ಬೇಕೇ ಬೇಕು, ಅದಿಲ್ಲದೆ ಚಿನ್ನ ಕರಗಲ್ಲ. ಸುಣ್ಣವೂ ಬೇಕು. ದ್ರಾವಣ ಹುಳಿಯಾದರೆ ಸಯನೈಡ್ ವಿಷಗಾಳಿಯಾಗಿ ಏಳುತ್ತದೆ, ಸುಣ್ಣ ಅದನ್ನು ತಡೆಯುತ್ತದೆ. ಓಕುಳಿಗೆ ಹಾಕಿದ ಅದೇ ಸುಣ್ಣ ಕಣ್ರೀ. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಈ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಜಗತ್ತಿನ ಚಿನ್ನದ ಗಣಿಗಳ ಹಣೆಬರಹವೇ ಬದಲಾಯಿತು. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಸಿಕ್ಕಿದ್ದೂ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರಿಗೇ. ಚಿನ್ನ ಹುಡುಕುತ್ತಾ ಬಂದವರಿಗೆ ಅಶೋಕನ ಹೆಸರೇ ಸಿಕ್ಕಿತು.

ಚಿನ್ನದ ಮಾತು ಬಂತು ಅಂತ ಹೇಳುತ್ತೇನೆ, ಸೂಟ್‌ಕೇಸ್ ತುಂಬ ಚಿನ್ನದ ಗಟ್ಟಿ ತುಂಬಿಕೊಂಡು ಒಂದೇ ಕೈಯಲ್ಲಿ ಓಡುವ ಹೀರೋ ಇದ್ದಾನಲ್ಲ, ಒಂದು ಲೀಟರ್ ಜಾಗದ ಚಿನ್ನ 19.3 ಕಿಲೋ. 30 ಲೀಟರ್ ಸೂಟ್‌ಕೇಸ್ ಅಂದರೆ ಹತ್ತಿರ ಹತ್ತಿರ 580 ಕಿಲೋ. ಕೈ ಬರುತ್ತದೆ, ಸೂಟ್‌ಕೇಸ್ ಬರಲ್ಲ. ತೋರಣಗಲ್ಲಿನಲ್ಲಿ ಸ್ಟೀಲ್ ಪ್ಲಾಂಟ್ ಕೆಲಸ ಮಾಡುವವರ ಜೊತೆ ಕೂತು, ಕಾದ ಕಬ್ಬಿಣದಲ್ಲಿ ವಿಲನ್ ಮುಳುಗುವ ಸೀನ್ ನೋಡಿ. ನಗುತ್ತಾರೆ. ಕರಗಿದ ಕಬ್ಬಿಣ ನೀರಿಗಿಂತ ಏಳು ಪಟ್ಟು ಸಾಂದ್ರ. ಬಿದ್ದವರು ಮುಳುಗಲ್ಲ, ಮೇಲೆಯೇ ಉರಿದುಹೋಗುತ್ತಾರೆ. ಸಂಡೂರಿನ ಕೆಂಪು ಅದಿರು ಹೆಚ್ಚುಕಡಿಮೆ ತುಕ್ಕೇ. ಅದರಿಂದ ಆಕ್ಸಿಜನ್ ಕಿತ್ತುಕೊಳ್ಳಲು ಅಷ್ಟು ದೊಡ್ಡ ಕುಲುಮೆ ಬೇಕು. ಹಾಗೆ ತೆಗೆದ ಕಬ್ಬಿಣವನ್ನೇ ಮಳೆಗಾಲದಲ್ಲಿ ಹೊರಗೆ ಬಿಟ್ಟರೆ ಪುಕ್ಕಟೆ ವಾಪಸ್ ತುಕ್ಕಾಗುತ್ತದೆ.

ಸಿನಿಮಾ ರೀಲೇ ಒಂದು ಕಾಲದಲ್ಲಿ ಕೆಮಿಸ್ಟ್ರಿಯಾಗಿತ್ತು ಅನ್ನೋದು ಈಗಿನ ಹುಡುಗರಿಗೆ ಗೊತ್ತಿಲ್ಲ. ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣ, ಅದರ ಕೆಳಗೆ ನೈಟ್ರೇಟ್ ಫಿಲ್ಮ್. ಒಮ್ಮೆ ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರುತ್ತಿರಲಿಲ್ಲ, ಉರಿಯಲು ಬೇಕಾದ ಆಕ್ಸಿಜನ್ ಅದರೊಳಗೇ ಇತ್ತು. ಆಮೇಲೆ ಬಂದ ಅಸಿಟೇಟ್ ಫಿಲ್ಮ್ ಹಾಗೆ ಉರಿಯಲ್ಲ, ಆದರೆ ಸೆಕೆಯಲ್ಲಿ ಮೆಲ್ಲಗೆ ಕೊಳೆತು ವಿನೆಗರ್ ವಾಸನೆ ಬರುತ್ತದೆ. ಎಷ್ಟೋ ಹಳೇ ಪ್ರಿಂಟುಗಳನ್ನು ಬೆಳ್ಳಿಗಾಗಿ ಕರಗಿಸಿದ್ದಾರೆ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ', 1934ರದು. ಅದರ ಒಂದು ಪ್ರಿಂಟೂ ಇಂದು ಉಳಿದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಸಿನಿಮಾ ನೋಡಿ ನೋಡಿ ನಮಗೆ ವಿಷ ಅಂದರೆ ಗಂಟಲು ಹಿಡಿದುಕೊಂಡು ನೊರೆ ಕಕ್ಕುವುದು ಅಂತಾಗಿದೆ. ಹಾಗೆ ಆಗದ್ದು ವಿಷವೇ ಅಲ್ಲ ಅಂತ ಸುಮ್ನೆ ಇದ್ದುಬಿಡುತ್ತೇವೆ. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ನೆಲದಡಿಯ ಗ್ರಾನೈಟ್ ಕಲ್ಲಿನಿಂದ ನೀರಿಗೆ ಇಳಿಯುತ್ತದೆ. ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ದೊಡ್ಡವರ ಬೆನ್ನು, ಮಂಡಿ ಬಿಗಿತ. "ವಯಸ್ಸಾಯ್ತು, ವಾಯು" ಅಂತ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ಅದೇ ಫ್ಲೋರೈಡ್ ಟೂತ್‌ಪೇಸ್ಟಿನಲ್ಲಿ ಕಿಲೋಗೆ ಸುಮಾರು 1,000 ಮಿಲಿಗ್ರಾಂ ಇದ್ದರೂ ಹಲ್ಲಿಗೆ ಒಳ್ಳೆಯದು. ಬಟಾಣಿಯಷ್ಟು ಹಾಕಿ ಉಗುಳುತ್ತೇವೆ, ಲೀಟರ್‌ಗಟ್ಟಲೆ ಕುಡಿಯಲ್ಲ.

ನಮ್ಮ ಕಡೆಯ ಮನೆಗಳಲ್ಲಿ "ನಾವು ಕುದಿಸಿ ಕುಡೀತೀವ್ರಿ, ನಮಗೇನಾಗಲ್ಲ" ಅನ್ನುವವರು ಬಹಳ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಎಲ್ಲಿಗೂ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಗಲ್ಲ. ಆರ್‌ಒ ತೆಗೆಯುತ್ತದೆ, ಮೆಂಬ್ರೇನ್ ಸರಿಯಾಗಿದ್ದರೆ. ಪಟಿಕ ಮತ್ತು ಸುಣ್ಣ ಲೆಕ್ಕ ಹಾಕಿ ಬೆರೆಸಿ ತೆಗೆಯುವ ನಲ್ಗೊಂಡ ವಿಧಾನವೂ ಇದೆ. ಆದರೆ ಎಷ್ಟು ಹಾಕಬೇಕು ಅನ್ನೋದು ನಿಮ್ಮ ನೀರಿನಲ್ಲಿ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ, ಅಂದಾಜಿಗೆ ಆಗಲ್ಲ. ಹಾಗಾಗಿ ಬೋರ್ ನೀರು ಕುಡಿಯುವವರು ಮೊದಲು ಒಂದು ಬಾಟಲಿ ತುಂಬಿಸಿ ನೀರು ಪರೀಕ್ಷೆಯ ಲ್ಯಾಬಿಗೆ ಕೊಡಿ, ಫ್ಲೋರೈಡ್ ಎಷ್ಟಿದೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.