ಎರಡಿಂಚ್ ಇಳದದ!

ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿಯುವವನು ಹಾಲಿನವನಾಗಿದ್ದರೆ ಕ್ಷಮಿಸಬಹುದು. ಪಕ್ಕದ ಮನೆಯ ಕಾಕಾ ಕೈಯಲ್ಲಿ ಕೋಲು ಹಿಡಿದು ನಿಂತು, "ರಾತ್ರಿ ಯಾರಪಾ ಜಳಕಾ ಮಾಡಿದೋರು? ಎರಡಿಂಚ್ ಇಳದದ!" ಎಂದರೆ ಏನು ಮಾಡುವುದು? ರಾಯಚೂರಿನಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ ಅಲಾರಮ್ಮಿನ ಖರ್ಚಿಲ್ಲ. ಈ ಮೇ ತಿಂಗಳಲ್ಲಂತೂ ಭಾನುವಾರಕ್ಕೂ ರಜೆ ಸಿಕ್ಕಿಲ್ಲ.

ಇಂಥ ಮನೆಗಳ ಏರ್ಪಾಡು ನಿಮಗೂ ಗೊತ್ತಿರುತ್ತದೆ. ಓನರ್ ಒಬ್ಬರು, ಮನೆ ಎರಡು, ಸಂಪು ಒಂದೇ. ಒಂದು ಮನೆಯಲ್ಲಿ ಐವರು ಹುಡುಗರು: ಇಬ್ಬರು ಡಿಗ್ರಿ, ಇಬ್ಬರು ಪಿಡಿಓ ಪರೀಕ್ಷೆಯ ತಯಾರಿ, ಐದನೆಯವನು ಏನು ಓದುತ್ತಾನೆಂದು ಅವನಪ್ಪನಿಗೂ ಗೊತ್ತಿಲ್ಲ. ಇನ್ನೊಂದು ಮನೆಯಲ್ಲಿ ಕಾಕಾ ಒಬ್ಬರೇ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ಅವರು ರಿಟೈರ್ ಆದಾಗ ನಿದ್ದೆಯೂ ಜೊತೆಗೇ ರಿಟೈರ್ ಆಯಿತು. ಊರಿನ ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ನಡುವಿನ ಈ ದೋಆಬಿಗಾಗಿ 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ಆನೆ ಕುದುರೆ ಕಟ್ಟಿಕೊಂಡು ಬಡಿದಾಡಿದರು. ಈಗಿನ ಕದನ 6 ಅಡಿ ಉದ್ದ, 4 ಅಡಿ ಅಗಲದ ಸಂಪಿಗೆ.

ಆ ಕೋಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಆರಡಿಯ ಬಿದಿರು, ಗರಗಸದಲ್ಲಿ ಇಂಚಿಗೊಂದು ಗೀರು, ಐದಿಂಚಿಗೊಮ್ಮೆ ಕೆಂಪು ಪೇಂಟು. ನೀರಿಗಿಳಿಸುವ ಮೊದಲು ಅದಕ್ಕೆ ಸೀಮೆಸುಣ್ಣ ಉಜ್ಜುತ್ತಾರೆ. ಒದ್ದೆಯಾದಷ್ಟು ಭಾಗ ಕಪ್ಪಾಗಿ ಗೆರೆ ಎಳೆದಂತೆ ಕಾಣುತ್ತದೆ. ಪಿವಿಸಿ ಪೈಪು ನಡೆಯುವುದಿಲ್ಲ, ಮೇಲೆತ್ತುವಷ್ಟರಲ್ಲಿ ನೀರು ಜಾರಿ ಗುರುತು ಹೋಗುತ್ತದೆ. ಇಳಿಸುವ ಜಾಗವೂ ಗೊತ್ತುಮಾಡಿದ್ದು. ತೊಳೆಯಲು ಸುಲಭವಾಗಲಿ ಎಂದು ಸಂಪಿನ ತಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿರುತ್ತಾರೆ. ಆ ಮೂಲೆಯಲ್ಲಿ ಅಳೆದರೆ ಇಂಚೆರಡಿಂಚು ಜಾಸ್ತಿ ತೋರಿಸುತ್ತದೆ. ಯಾವನಾದರೂ ಜಾಣ ಅಲ್ಲಿ ಕೋಲು ಬಿಟ್ಟು "ನೋಡ್ರಿ ಕಾಕಾ, ಇಳದೇ ಇಲ್ಲ" ಎಂದರೆ, "ಆ ಮೂಲ್ಯಾಗ ನಿನ್ನಂಥ ಶ್ಯಾಣ್ಯಾರು ಭಾಳ ಮಂದಿ ಮುಳಗ್ಯಾರ" ಎಂದು ಕೋಲು ಕಸಿದುಕೊಳ್ಳುತ್ತಾರೆ.

ರಾತ್ರಿ ಹತ್ತಕ್ಕೊಂದು ಅಳತೆ, ಬೆಳಿಗ್ಗೆ ಆರಕ್ಕೊಂದು. ಆಮೇಲೆ ವಿಚಾರಣೆ. ಒಂದು ಬಕೆಟ್ ಆದರೆ ಜಳಕ, ಎರಡಾದರೆ ಈಜು ಎಂಬುದು ಅವರ ಕಾನೂನು. ಕೂಲರಿನ ಮೇಲೂ ಅನುಮಾನ. ಅದರಲ್ಲಿ ಅರ್ಥವಿದೆ, ದೊಡ್ಡ ಕೂಲರು ಇಲ್ಲಿಯ ಬೇಸಿಗೆಯಲ್ಲಿ ಒಂದು ರಾತ್ರಿಗೆ 40 ಲೀಟರ್ ಕುಡಿದರೂ ಆಶ್ಚರ್ಯವಿಲ್ಲ. ಆದರೆ ಹುಡುಗರು ಅದಕ್ಕೆ ಬೋರಿನ ಸವಳು ನೀರು ಹಾಕುತ್ತಾರೆ. ಬೇಕಾದರೆ ಪ್ಯಾಡಿನ ಮೇಲೆ ಕಟ್ಟಿದ ಬಿಳಿ ಉಪ್ಪನ್ನು ಸಾಕ್ಷಿಗೆ ಕರೆಯಬಹುದು. ಕಾಕಾ ಅದನ್ನು ನಾಲಿಗೆಗೆ ಹಚ್ಚಿ ನೋಡಿಯೇ ಕೂಲರನ್ನು ಖುಲಾಸೆ ಮಾಡಿದ್ದು.

ಇಂಥವರ ಜೊತೆ ಜಗಳಕ್ಕೆ ನಿಂತರೆ ಸೋಲು ಖಾತ್ರಿ. ಬ್ಯಾಟರಿ ಹಿಡಿದು ಪಕ್ಕದಲ್ಲಿ ಕೂತರೆ ದೋಸ್ತಿ. ಸಂಪಿನ ನೀರು ಪೈಪಿನ ಕೆಳತುದಿಯ ಫುಟ್‌ವಾಲ್ವಿಗಿಂತ ಕೆಳಗೆ ಹೋದಾಗ ಮೋಟಾರು ಗಾಳಿ ಎಳೆಯುತ್ತದೆ. ಸಂಪಿಗೆ ನೀರು ಬಂದ ಮೇಲೆ ಮೋಟಾರಿನ ಮೇಲಿನ ಬಿರಡೆ ಬಿಚ್ಚಿ, ಗುಳ್ಳೆ ನಿಲ್ಲುವ ತನಕ ತಂಬಿಗೆಯಿಂದ ನೀರು ಹೊಯ್ದು, ಎಳೆಗೆ ಟೇಪು ಸುತ್ತಿ ಬಿಗಿ ಮಾಡಬೇಕು. ಹೊಯ್ದಷ್ಟೂ ನೀರು ಇಳಿದುಹೋಗುತ್ತಿದ್ದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆ ಅಥವಾ ವಾಷರ್ ಸವೆದಿದೆ ಎಂದರ್ಥ. ಒಣಗಿದ ಮೋಟಾರನ್ನು ಹಾಗೇ ಓಡಿಸಿದರೆ ಸೀಲು ಸುಟ್ಟು ಶಾಫ್ಟಿನ ಹತ್ತಿರ ಸೋರಲು ಶುರುವಾಗುತ್ತದೆ. "ಗುಂಯ್ ಅಂತದ, ತಿರಗವಲ್ದು" ಎಂದರೆ ಹೆಚ್ಚಾಗಿ ಕೆಪಾಸಿಟರಿನ ತೊಂದರೆ. ತಕ್ಷಣ ಬಂದ್ ಮಾಡಬೇಕು, ಇಲ್ಲದಿದ್ದರೆ ವೈಂಡಿಂಗ್ ಹೋಗುತ್ತದೆ. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡಿನದು ತರಬೇಕು. ಬಂದ್ ಮಾಡಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ತುದಿ ಮುಟ್ಟಬಾರದು. ಇದನ್ನೆಲ್ಲ ಕಾಕಾ ರಾತ್ರಿ ಒಂದೂವರೆಗೆ ಕಲಿಸುತ್ತಾರೆ, ಬೆಳಿಗ್ಗೆ ನಿಮಗೆ ಪರೀಕ್ಷೆ ಇದ್ದರೂ. ಪಾಠ ಕೇಳಿದವರಿಗೆ ಮರುದಿನ ಸಂಜೆ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ. ರೊಕ್ಕ ಕೊಡಲು ಬಿಡುವುದಿಲ್ಲ.

ಹಾಗೆ ಒಳಗೆ ಹೋಗಿ ಬರುವ ಸಲಿಗೆ ಬೆಳೆದ ಮೇಲೆಯೇ ಅಡುಗೆಮನೆಯ ಸಾಲು ಕಣ್ಣಿಗೆ ಬೀಳುವುದು. ಎಂಟು ಸ್ಟೀಲ್ ಕೊಡ, ಎಂಟಕ್ಕೂ ತಟ್ಟೆ ಮುಚ್ಚಿದೆ. ಒಬ್ಬ ಮನುಷ್ಯನಿಗೆ ಎಂಟು ಕೊಡ. "ಆಕಿ ತಂಗಳ ನೀರು ಮುಟ್ಟತಿದ್ದಿಲ್ಲ" ಎನ್ನುತ್ತಾರೆ, ಅಷ್ಟೇ. ಆಕೆ ಹೋದ ಮೇಲೂ ರಾತ್ರಿ ಎರಡಕ್ಕೆ ಎದ್ದು ಎಂಟೂ ಕೊಡಗಳನ್ನು ಕರಿಬೇವಿನ ಬುಡಕ್ಕೆ ಸುರಿದು, ತೊಳೆದು, ಸಂಪಿನಿಂದ ಮತ್ತೆ ತುಂಬಿಡುತ್ತಾರೆ. ಓಣಿಯ ಗಿಡಗಳೆಲ್ಲ ಬಾಡಿ ನಿಂತಿರುವಾಗ ಕಾಕಾನ ಕರಿಬೇವು ಮಾತ್ರ ಕಂಪೌಂಡು ದಾಟಿ ಬೆಳೆದಿದೆ.

ಪಿಡಿಓ ತಯಾರಿಯವನೊಬ್ಬ ಕೂತು ಲೆಕ್ಕ ಹಾಕಿದ. 24 ಚದರಡಿ ಸಂಪಿನಲ್ಲಿ ಒಂದಿಂಚು ಎಂದರೆ 2 ಘನ ಅಡಿ, ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಂದರೆ ಇಂಚಿಗೆ 56 ಲೀಟರ್. ಕೊಡವೊಂದಕ್ಕೆ 14 ಲೀಟರಿನಂತೆ ಎಂಟು ಕೊಡಕ್ಕೆ 112. ಸರಿಯಾಗಿ ಎರಡಿಂಚು! ನೌಕರಿ ಇನ್ನೂ ಸಿಕ್ಕಿಲ್ಲ, ಕಳ್ಳ ಸಿಕ್ಕ.

ಆರು ಗಂಟೆಗೆ ಕಣ್ಣುಜ್ಜುತ್ತ ಬಾಗಿಲು ತೆರೆದಾಗ ಈ ಲೆಕ್ಕ ಗಂಟಲ ತನಕ ಬರುತ್ತದೆ. ಯಾರೂ ಹೇಳುವುದಿಲ್ಲ. "ತಪ್ಪಾತ್ರಿ ಕಾಕಾ, ಇವತ್ತಿನಿಂದ ಅರ್ಧ ಬಕೆಟ್" ಎಂದು ಯಾವನೋ ಒಬ್ಬ ಒಪ್ಪಿಕೊಳ್ಳುತ್ತಾನೆ. ಅದಕ್ಕೂ ಪಾಳಿ ಇದೆ, ಪಾತ್ರೆ ತೊಳೆಯುವ ಪಾಳಿಯ ಪಕ್ಕದಲ್ಲೇ ಗೋಡೆಗೆ ಬರೆದಿದ್ದಾರೆ. ಆದರೂ ಪಾಳಿಯವನ ಸಿಟ್ಟು ಮಧ್ಯಾಹ್ನದ ತನಕ ಇಳಿಯುವುದಿಲ್ಲ, ಅದೂ ನಿಜ.

ರೂಮು ಬಿಡುವವರು ಹೊಸ ಹುಡುಗರಿಗೆ ಯಾವ ಸ್ವಿಚ್ಚು ಶಾಕ್ ಹೊಡೆಯುತ್ತದೆ, ಯಾವ ಅಂಗಡಿಯಲ್ಲಿ ಉದ್ರಿ ನಡೆಯುತ್ತದೆ ಎಂದು ಹೇಳುವಾಗ ಕೊಡದ ಲೆಕ್ಕವನ್ನೂ ಹೇಳಿಹೋಗಬೇಕು, ಬಾಯಿ ಮುಚ್ಚಿಕೊಂಡಿರಿ ಎಂಬ ತಾಕೀತಿನ ಸಮೇತ. ಸುಣ್ಣಬಣ್ಣದ ಹೆಸರಿನಲ್ಲಿ ಓನರ್ ಡಿಪಾಜಿಟ್ಟಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದನ್ನು ಮಾತ್ರ ಅಡ್ವಾನ್ಸ್ ಕೊಡುವ ಮೊದಲೇ ಹೇಳಿಬಿಡಿ.