ಸತ್ತವನ ಹೆಸರು ಯಾರೂ ಕೂಗಂಗಿಲ್ಲ

ಮೊನ್ನೆ ತಮ್ಮ ಹುಬ್ಬಳ್ಳಿಂದ ಫೋನ್ ಮಾಡಿದ್ದ. "ಅಕ್ಕಾ, ಡೆಕ್ಸ್ಟರ್ ಮತ್ತ ಬಂದಾನ, ನೀ ಇನ್ನೂ ನೋಡಿಲ್ಲೇನ? ಶನಿವಾರ ಬರ್ತೀನಿ, ಕೂಡೇ ಕುಂತು ನೋಡೂಣು" ಅಂದ. ಹೂಂ ಬಾರೋ ಅಂದೆ, ಫೋನ್ ಇಟ್ಟೆ, ಆಮ್ಯಾಲ ಬಾಂಡೆ ತಿಕ್ಕೋತ ನಿಂತಾಗ ಒಂದು ಮಾತು ತಲಿಯೊಳಗ ಕುಂತುಬಿಡ್ತು. ಅಮೇರಿಕಾದ ಆ ಟಿವಿ ಸೀರೀಸಿನ ಕೊಲೆಗಾರ ಹೀರೋ ಡೆಕ್ಸ್ಟರ್, ಅಂವ ಸತ್ತಿದ್ನಲ್ಲ! 2021ರಲ್ಲಿ ಶುರುವಾದ ಸೀಸನ್ನಿನ ಕಡಿಗೆ ಸ್ವಂತ ಮಗನ ಕೈಯಿಂದ ಗುಂಡು ತಿಂದು ಹಿಮದಾಗ ಬಿದ್ದಿದ್ದ, ನಾ ನೋಡಿ ಅತ್ತೇನಿ. 2025ರಾಗ ಅಂವನ್ನ ಎಬ್ಬಿಸಿ ಕುಂದ್ರಿಸ್ಯಾರ, ಸೀರೀಸಿಗೆ ರೆಸರೆಕ್ಷನ್ ಅಂತನ ಹೆಸರಿಟ್ಟಾರ. ಅದೇ ಕತಿಯೊಳಗ ಸತ್ತುಹೋದ ಪೊಲೀಸ ಡೋಕ್ಸ್, ಅಂವನ ಮ್ಯಾಲಿನ ಅಧಿಕಾರಿ ಲಗ್ವೆರ್ಟಾ, ಡೆಕ್ಸ್ಟರನ ಹೇಂತಿ ರೀಟಾ, ತಂಗಿ ಡೆಬ್ರಾ, ಇವರ್ಯಾರೂ ಜೀವಂತ ಎದ್ದು ಬರಲಿಲ್ಲ. ಎದ್ದು ಬಂದಾಂವ ಕೊಂದಾಂವ ಒಬ್ಬನ.

ಇದನ್ನ ಬರೀಲೇಬೇಕು ಅನ್ನಿಸ್ತು. ಉದ್ದ ಆಗ್ತೈತಿ, ಪುರುಸೊತ್ತಿದ್ದವ್ರು ಓದ್ರಿ. ಸೀರೀಸ್ ನೋಡದವ್ರು ಇಲ್ಲೇ ನಿಲ್ಲಿಸ್ರಿ, ಮುಂದ ಗುಟ್ಟೆಲ್ಲಾ ಬಿಟ್ಟುಕೊಡ್ತೀನಿ.

ನಾ ಧಾರವಾಡದಾಗ ವಕೀಲಿ ಮಾಡಾಕಿ, ಕ್ರಿಮಿನಲ್ ಸೈಡ್, ಇನ್ನೂ ಜೂನಿಯರ್. ಡೆಕ್ಸ್ಟರ್ ನೋಡಿದ್ದು ಲಾಕ್‌ಡೌನ್ ಟೈಮಿನ್ಯಾಗ ಗದಗಿನ ತವರುಮನಿಯೊಳಗ, ಕೋರ್ಟ್ ಬಂದ್, ಕೈಯಾಗ ಕೆಲಸ ಇಲ್ಲ, ರಾತ್ರಿ ಅವ್ವ ಮಲಗಿದ ಮ್ಯಾಲ ಇಯರ್‌ಫೋನ್ ಹಾಕ್ಕೊಂಡು ದಿನಾ ಮೂರು ಎಪಿಸೋಡ್. 2006ರಿಂದ 2013ರ ತನಕ ಬಂದ ಎಂಟು ಸೀಸನ್, 96 ಎಪಿಸೋಡ್, ತಿಂಗಳೊಪ್ಪತ್ತಿನ್ಯಾಗ ಮುಗಿಸಿಬಿಟ್ಟೆ. ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಅಂವ ಮಯಾಮಿ ಪೊಲೀಸ್ ಇಲಾಖೆಯೊಳಗ ರಕ್ತದ ಕಲೆ ನೋಡಿ ಕೊಲೆ ಹೆಂಗ ಆಗಿರಬೇಕು ಅಂತ ಹೇಳೋ ಲ್ಯಾಬಿನಾಂವ. ಮೂರು ವರ್ಷದ ಕೂಸಿದ್ದಾಗ ಕಣ್ಣ ಮುಂದನ ತಾಯಿನ ಕೊಂದಿರ್ತಾರ, ಹ್ಯಾರಿ ಅನ್ನೋ ಪೊಲೀಸಪ್ಪ ಮನಿಗೆ ತಂದು ಸಾಕ್ತಾನ. ಹುಡುಗಗ ಕೊಲ್ಲೋ ತುಡಿತ ಐತಿ ಅಂತ ಗೊತ್ತಾದ ಮ್ಯಾಲ ಆ ಸಾಕಿದಪ್ಪ ಒಂದು ನೇಮ ಹಾಕಿ ಕೊಡ್ತಾನ, ಕೊಲ್ಲೂದಾದ್ರ ಕೊಲೆ ಮಾಡಿ ಕಾನೂನಿಂದ ತಪ್ಪಿಸ್ಕೊಂಡವ್ರನ್ನ ಕೊಲ್ಲು, ಮೊದಲ ಖಾತ್ರಿ ಮಾಡ್ಕೊ, ಮತ್ತ ಯಾರ ಕೈಗೂ ಸಿಗಬ್ಯಾಡ. ಹಗಲೆಲ್ಲಾ ಆಫೀಸಿಗೆ ಡೋನಟ್ ಡಬ್ಬಿ ತಗೊಂಡು ಬರೋ ನಗುಮುಖದ ಮನಿಷಾ, ರಾತ್ರಿ ಕೊಲೆಗಾರ.

ಯಾಕ ಅಷ್ಟು ಹಚ್ಚಿಕೊಂಡೆ ಅಂತ ಭಾಳ ವಿಚಾರ ಮಾಡೇನಿ. ಮಂದಿ ಹೇಳ್ತಾರ ನಮ್ಮೊಳಗ ಎಲ್ಲಾರಿಗೂ ಒಂದು ರಾಕ್ಷಸ ಇರ್ತಾನ ಅಂತ, ನನಗ ಅದು ಖರೇ ಅನ್ನಿಸಂಗಿಲ್ಲ. ನನಗ ಕೊಲ್ಲೂ ಆಸೆ ಇರಲಿಲ್ಲ, ಕೆಲಸ ಮುಗಿಯೂದನ್ನ ನೋಡೂ ಆಸೆ ಇತ್ತು. ಕೋರ್ಟಿನ್ಯಾಗ ಇರಾವ್ರಿಗೆ ಇದು ತಿಳೀತೈತಿ. ಸಾಕ್ಷಿಗೆ ಸಮನ್ಸ್ ಮುಟ್ಟಿಲ್ಲ, ಪೊಲೀಸ್ ಕಾವಲು ಸಿಗದ ಆರೋಪಿನ ಜೈಲಿಂದ ಕರ್ಕೊಂಡು ಬಂದಿಲ್ಲ, ವಕೀಲರು ಊರಾಗಿಲ್ಲ, ಮುಂದಿನ ತಾರೀಖು. ಅಂಥಾ ವರ್ಷಗಳ ಮ್ಯಾಲ ಒಬ್ಬ ಮನಿಷಾ ಬಂದು ಒಂದ ರಾತ್ರಿ ಪ್ಲಾಸ್ಟಿಕ್ ಹಾಳಿ ಹಾಸಿ, ಒಂದು ಹನಿ ರಕ್ತ ಹೊರಗ ಚೆಲ್ಲದಂಗ, ಯಾವ ಮುಂದೂಡಿಕೆನೂ ಇಲ್ಲದ ಎಲ್ಲಾ ಮುಗಿಸಿಬಿಟ್ರ ಎದಿ ಹಗುರಾಗ್ತೈತ್ರಿ. ಅದೂ ಅಲ್ದ ಅಂವ ಮನಸಿನ ಮಾತೆಲ್ಲಾ ನಮ್ಮ ಕಿವಿಯಾಗ ಹೇಳ್ತಾನ, ಹೇಂತಿಗೂ ಹೇಳಿರಂಗಿಲ್ಲ, ತಂಗಿಗೂ ಹೇಳಿರಂಗಿಲ್ಲ, ನಮಗಷ್ಟ ಹೇಳ್ತಾನ. ಗುಟ್ಟು ಹೇಳಿದವ್ರನ್ನ ಬಿಟ್ಟುಕೊಡಾಕ ಯಾರಿಗೂ ಮನಸ ಬರಂಗಿಲ್ಲ.

ಆದ್ರ ಎರಡನೇ ಸೀಸನ್ನಿನ ಡೋಕ್ಸ್ ವಿಷಯಕ್ಕ ಬರ್ತೀನಿ, ನನ್ನ ಹೊಟ್ಟಿಯೊಳಗ ಇವತ್ತಿಗೂ ಮುಳ್ಳಾಗಿ ಉಳದದ್ದು ಅದು. ಸಾರ್ಜೆಂಟ್ ಡೋಕ್ಸ್, ಇಡೀ ಸ್ಟೇಷನ್ನಿನ್ಯಾಗ ಡೆಕ್ಸ್ಟರ್ ಮ್ಯಾಲ ಸಂಶಯ ಬಂದ ಒಬ್ಬನ ಒಬ್ಬ. ಒರಟ ಮನಿಷಾ, ಬಾಯಿ ಕೆಟ್ಟದ್ದು, ಆದ್ರ ಅಂವ ಹೇಳಿದ್ದು ಎಲ್ಲಾ ಖರೇ. ಅಂವಗ ಪೂರಾ ಗೊತ್ತಾದ ಮ್ಯಾಲ ಡೆಕ್ಸ್ಟರ್ ಅಂವನ್ನ ಎವರ್‌ಗ್ಲೇಡ್ಸ್ ಜೌಗಿನೊಳಗಿನ ಒಂದು ಗುಡಿಸಲದಾಗ ಪಂಜರ ಮಾಡಿ ಕೂಡಿಹಾಕ್ತಾನ. ಕೊಲ್ಲಾಕ ನೇಮ ಬಿಡಂಗಿಲ್ಲ, ಬಿಟ್ರ ತಾ ಉಳಿಯಂಗಿಲ್ಲ. ಆವಾಗ ಡೆಕ್ಸ್ಟರನ ಪ್ರೇಯಸಿ ಆಗಿದ್ದ ಲೈಲಾ ಅನ್ನಾಕಿ ಬಂದು ಗ್ಯಾಸ್ ಬಿಟ್ಟು ಆ ಗುಡಿಸಲಾ ಹಾರಿಸಿಬಿಡ್ತಾಳ, ಪಂಜರದೊಳಗಿದ್ದ ಡೋಕ್ಸ್ ಸಾಯ್ತಾನ. ಬರದವ್ರು ಎಷ್ಟ ಜಾಣರು ನೋಡ್ರಿ, ನಮ್ಮ ಹೀರೋನ ಕೈಗೆ ಕೊಳಿ ಹತ್ತಲಿಲ್ಲ. ಮತ್ತ ನಾನು? ನಾನು ರಾತ್ರಿ ಎರಡೂವರಿಗೆ ಹಾಸಿಗ್ಯಾಗ ಕುಂತು ಉಸ್ಸಪ್ಪಾ ಅಂದೆ. ಬಾಯಿ ಬಿಟ್ಟು ಅಂದೆ, ಅವ್ವ ಎಚ್ಚರಾಗಿ "ಏನಾತವಾ?" ಅಂತ ಕೇಳಿದ್ಲು. ಏನಿಲ್ಲ ಮಲಕೋ ಅಂದೆ. ಒಬ್ಬ ತಪ್ಪಿಲ್ಲದ ಪೊಲೀಸ, ತನ್ನ ಕೆಲಸ ಸರಿ ಮಾಡಿದಾಂವ, ಸುಟ್ಟು ಸತ್ತ, ಅದಕ್ಕ ನಾನು, ದಿನಾ ಕರೀಕೋಟ ಹಾಕ್ಕೊಂಡು ಕೋರ್ಟಿಗೆ ಹೋಗಾಕಿ, ಸಮಾಧಾನ ಪಟ್ಟೆ! ಅಷ್ಟೇ ಅಲ್ಲ, ಆಮ್ಯಾಲ ಡೆಕ್ಸ್ಟರ್ ಮಾಡಿದ ಕೊಲೆಗಳ್ನೆಲ್ಲಾ ಡೋಕ್ಸ್ ತಲಿಗೆ ಕಟ್ಟಿದ್ರು, ಜೀವನೂ ಹೋತು ಹೆಸರೂ ಹೋತು. ಅದಕ್ಕೂ ನನಗೇನೂ ಅನ್ನಿಸಲಿಲ್ಲ ಆ ರಾತ್ರಿ.

ಗದಗಿನ್ಯಾಗ ಹುಟ್ಟಿದಾಕಿ ನಾನು, ವೀರನಾರಾಯಣ ಗುಡಿಯೊಳಗ ಕುಮಾರವ್ಯಾಸ ಕುಂತು ಬರದ ಅಂತ ಹೇಳೋ ಕಂಬ ಮುಟ್ಟಿಕೋತ ಬೆಳದಾಕಿ. ಅದಕ್ಕ ಡೋಕ್ಸ್ ವಿಚಾರ ಮಾಡ್ಕೋತ ಇದ್ದಾಗ ನನಗ ವಿರಾಟ ಪರ್ವ ನೆನಪಾತು, ಅಜ್ಜ ಶ್ರಾವಣದಾಗ ರಾಗ ಮಾಡಿ ಓದ್ತಿದ್ದ. ಕೀಚಕನ ಕತಿ ವಿಚಾರ ಮಾಡ್ರಿ ಒಂದ್ಸಲ. ಹಗಲ ಹೊತ್ತು ಅರಮನಿ ಅಡಗಿ ಮನ್ಯಾಗ ವಲಲ ಅಂತ ಹೆಸರಿಟ್ಕೊಂಡು ಅಡಗಿ ಮಾಡಾಂವ, ಅಂವ ಯಾರು ಅಂತ ಯಾರಿಗೂ ಗೊತ್ತಿಲ್ಲ. ರಾಜನ ಮೈದುನ ತುಂಬಿದ ಸಭಾದಾಗ ದ್ರೌಪದಿನ ಒದೀತಾನ, ರಾಜ ಸುಮ್ಮ ಕುಂದರ್ತಾನ, ಧರ್ಮರಾಯನ ತಾಳಿಕೋ ಅಂತಾನ. ರಾತ್ರಿ ನಾಟ್ಯಶಾಲಿಯೊಳಗ ಹೆಣ್ಣಿನ ವೇಷ ಹಾಕ್ಕೊಂಡು ಭೀಮ ಕುಂತಿರ್ತಾನ, ಕೊಂದು ಹೆಣಾನ ಮುದ್ದಿ ಮಾಡ್ತಾನ, ಮುಂಜಾನೆ ಗಂಧರ್ವರು ಕೊಂದ್ರು ಅಂತ ಸುದ್ದಿ ಹಬ್ಬತೈತಿ. ಇದು ಡೆಕ್ಸ್ಟರ್ ಕತಿನ ಅಲ್ಲೇನ್ರಿ? ಗುಪ್ತ ಹೆಸರು, ಹಗಲ ಒಂದು ಕೆಲಸ, ಕಾನೂನು ಮುಟ್ಟಲಾರದ ಪಾಪಿ, ರಾತ್ರಿ ಶಿಕ್ಷಾ. ಅಂದ್ರ ಈ ಹಸಿವು ಮಯಾಮಿಯಿಂದ ಬಂದದ್ದಲ್ಲ, ನಮ್ಮ ದೊಡ್ಡಾಟದಾಗೂ ಐತಿ, ಭೀಮ ಕೀಚಕನ ಎದಿ ಮ್ಯಾಲ ಕುಂತಾಗ ಸಿಳ್ಳಿ ಹೊಡದವ್ರು ನಮ್ಮ ಮಂದಿನ.

ಆದ್ರ ಒಂದು ವ್ಯತ್ಯಾಸ ಐತಿ, ನನಗ ಅದ ದೊಡ್ಡದು. ಅಜ್ಜ ಓದುವಾಗ ನಾವು ಅಳ್ತಿದ್ದದ್ದು ಭೀಮನ ಸಲುವಾಗಿ ಅಲ್ಲ. ಆ ಹೆಣಮಗಳು ಅಡ್ಡರಾತ್ರ್ಯಾಗ ಕತ್ತಲೊಳಗ ಒಬ್ಬಾಕಿನ ನಡಕೋತ ಅಡಗಿ ಮನಿಗೆ ಹೋಗಿ, ಮಲಗಿದ ಗಂಡನ ಎಬ್ಬಿಸೂದು ಹೆಂಗಪ್ಪಾ ಅಂತ ಅಳಕ್ಕೋತ ನಿಂದ್ರತಾಳಲ್ಲ, ಅಲ್ಲೆ. ಕತಿ ಅಕಿ ನೋವಿನಿಂದ ಹುಟ್ಟತೈತಿ, ಕೀಚಕ ಸತ್ತ ಮ್ಯಾಲೂ ಅಕಿನ ಬಿಡಂಗಿಲ್ಲ, ಅಂವನ ತಮ್ಮಂದಿರು ಅಕಿನ್ನ ಹೆಣದ ಜೋಡಿ ಸುಡಾಕ ಎಳಕೊಂಡು ಹೋಗ್ತಾರ. ಡೆಕ್ಸ್ಟರಗ ಅಂಥಾ ದ್ರೌಪದಿ ಇಲ್ಲ. ಅಂವಗ ಯಾರೂ ಬಂದು ಕೇಳಿಕೊಂಡಿರಂಗಿಲ್ಲ. ಕೊಲ್ಲೂ ಮುಂಚೆ ಆ ಪಾಪಿ ಕೊಂದ ಹುಡುಗ್ಯಾರ ಫೋಟೋ ಗ್ವಾಡಿಗೆ ಹಚ್ಚಿರ್ತಾನ, ನಮಗ ಎರಡು ಸೆಕೆಂಡ್ ಕಾಣ್ತಾವ, ಅವ್ರಿಗೊಂದು ಮನಿ ಇತ್ತು, ಅವ್ವ ಇದ್ಲು, ಉಣ್ಣಾಕ ಕಾಯ್ಕೊಂಡು ಕುಂತಿದ್ಲು ಅನ್ನೂದು ಬರಂಗಿಲ್ಲ. ಆ ಫೋಟೋ ಅಂವ ಕೊಲ್ಲಾಕ ತಗೊಂಡ ಪರವಾನಗಿ, ಅಷ್ಟ.

ಇದೊಂದ ಸೀರೀಸಿನ ಮಾತಲ್ಲ. ಮಾಫಿಯಾ ಕತಿಯ ಸೀರೀಸು ಸೊಪ್ರಾನೋಸ್ 1999ರಾಗ ಶುರು ಆದಾಗ ಐದನೇ ಎಪಿಸೋಡಿನ್ಯಾಗ ಅದರ ಹೀರೋ ಟೋನಿ ಮಗಳಿಗೆ ಕಾಲೇಜ್ ತೋರಿಸಾಕ ಕರ್ಕೊಂಡು ಹೋದ ದಾರ್ಯಾಗ ಒಬ್ಬನ್ನ ಕುತ್ತಿಗಿ ಬಿಗದು ಕೊಲ್ತಾನ, ಮಂದಿ ಇಂವನ್ನ ದ್ವೇಷ ಮಾಡ್ತಾರ ಅಂತ ಚಾನಲ್ಲಿನವ್ರ ಹೆದರಿದ್ರು, ಮಂದಿ ಇನ್ನಷ್ಟು ಹಚ್ಚಿಕೊಂಡ್ರು. ಬ್ರೇಕಿಂಗ್ ಬ್ಯಾಡ್ ಸೀರೀಸಿನ ಮಾತು ಇನ್ನೂ ಕೆಟ್ಟ ಅನಿಸ್ತೈತಿ ನನಗ. ಅದರ ಹೀರೋ ವಾಲ್ಟರ್ ಡ್ರಗ್ಸ್ ತಯಾರ್ ಮಾಡ್ತಾನ, ಕೊಲ್ತಾನ, ಮಂದಿ ಬೈದದ್ದು ಯಾರಿಗೆ? ಅಂವನ ಹೇಂತಿ ಸ್ಕೈಲರಗ! ಗಂಡನ ಕೆಲಸಕ್ಕ ಅಡ್ಡ ಬರ್ತಾಳ ಅಂತ. ಆ ಪಾತ್ರ ಮಾಡಿದ ಆನಾ ಗನ್ 2013ರಾಗ ನ್ಯೂಯಾರ್ಕ್ ಟೈಮ್ಸ್ ಪೇಪರಿನ್ಯಾಗ ಲೇಖನ ಬರದು ಈ ದ್ವೇಷದ ಬಗ್ಗೆ ಹೇಳಬೇಕಾತು. ನಮ್ಮ ಗೆಳತ್ಯಾರ ಗುಂಪಿನ್ಯಾಗೂ ಅಕಿನ್ನ ಬೈದಿದ್ರು, ನಾ ಆಗ ಜಗಳ ಆಡೇನಿ, ಇವತ್ತೂ ಆಡ್ತೀನಿ.

ಇನ್ನ 2025ರ ಏಪ್ರಿಲ್ ಮಾತು. ನಮ್ಮ ಹುಬ್ಬಳ್ಳ್ಯಾಗ ಐದು ವರ್ಷದ ಕೂಸಿನ ಎತ್ತಿಕೊಂಡು ಹೋಗಿ ಕೊಂದ್ರು, ಅದ ದಿನ ಆರೋಪಿ ಪೊಲೀಸ್ ಗುಂಡಿಗೆ ಸತ್ತ, ತಪ್ಪಿಸ್ಕೊಂಡು ಓಡಾಕ ಹತ್ತಿದ್ದ ಅಂತ ಪೊಲೀಸರು ಹೇಳಿದ್ರು. ಆ ರಾತ್ರಿ ನನ್ನ ಫೋನಿನ್ಯಾಗ ನೋಡಿದ ಸ್ಟೇಟಸ್ ಎಲ್ಲಾ ಜೈಕಾರ. ನನಗೂ ಮೊದಲ ಬಂದದ್ದು ಸಮಾಧಾನನ, ಸುಳ್ಳ ಹೇಳಂಗಿಲ್ಲ. ಡೋಕ್ಸ್ ಸತ್ತಾಗ ಬಂದ ಅದೇ ಉಸಿರು ಅಂತ ಆಮ್ಯಾಲ ಗುರುತು ಸಿಕ್ತು, ಮೈ ಝುಂ ಅಂತು. ಆ ಆರೋಪಿ ಬಗ್ಗೆ ನನಗೇನೂ ಕರುಣಾ ಇಲ್ಲ. ಆದ್ರ ಕೇಸ್ ನಡದಿದ್ರ ಆ ಕೂಸಿಗೆ ಏನೇನಾತು, ಯಾರ್ಯಾರು ಎಲ್ಲೆಲ್ಲಿ ಲಕ್ಷ್ಯ ಕೊಡಲಿಲ್ಲ ಅನ್ನೂದು ಒಂದ್ಸಲರ ಕಟಕಟೆಯೊಳಗ ಬರ್ತಿತ್ತು. ಮೂರು ದಿನಕ್ಕ ಜೈಕಾರನೂ ಮುಗೀತು, ಕೂಸಿನ ಮಾತೂ ಮುಗೀತು. ಆ ತಾಯಿ ತಂದಿ ಹೆಂಗದಾರ ಅಂತ ಸ್ಟೇಟಸ್ ಹಾಕಿದವ್ರಾಗ ಎಷ್ಟ ಮಂದಿ ಕೇಳೇವಿ?

ನೇಮದ ಮಾತು ಒಂದು ಉಳೀತು. ನಮ್ಮ ಧಾರವಾಡದ ಕಲ್ಯಾಣನಗರದಾಗ 2015ರ ಆಗಸ್ಟ್ 30ರ ಮುಂಜಾನೆ ಸಂಶೋಧಕ ಎಂ. ಎಂ. ಕಲಬುರ್ಗಿ ಸರ್ ಮನಿ ಬಾಗಲಾ ಬಡದು ಗುಂಡು ಹೊಡದ್ರು. ಹೊಡದವ್ರ ತಲಿಯೊಳಗೂ ಒಂದು ನೇಮ ಇದ್ದಿರಬೇಕು, ಇಂವ ಸಾಯಬೇಕಾದಾಂವ ಅನ್ನೂ ಖಾತ್ರಿನೂ ಇದ್ದಿರಬೇಕು. ಕೊಲ್ಲಾಂವಗ ನೇಮ ಐತಿ ಅನ್ನೂದು ಸೀರೀಸಿನ್ಯಾಗ ಎಷ್ಟು ಚಂದ ಕೇಳ್ತೈತಿ, ನಮ್ಮ ಓಣ್ಯಾಗ ಆ ನೇಮ ಬಂದು ಬಾಗಲಾ ಬಡದ್ರ ಏನಾಗ್ತೈತಿ ಅಂತ ಧಾರವಾಡದವ್ರಿಗೆ ಗೊತ್ತೈತಿ. ಮತ್ತ ಖರೇ ಸರಣಿ ಕೊಲೆಗಾರಗ ನೇಮಾನೂ ಇರಂಗಿಲ್ರಿ. 2009ರಾಗ ಸಿಕ್ಕ ಸಯನೈಡ್ ಮೋಹನ ಸಾಲಿ ಮಾಸ್ತರ, ವರದಕ್ಷಿಣಿ ಕೊಡಾಕ ಆಗದ ಬಡವರ ಮನಿ ಹುಡುಗ್ಯಾರನ್ನ ಮದುವಿ ಆಗ್ತೀನಿ ಅಂತ ನಂಬಿಸಿ, ಗುಳಗಿ ಅಂತ ಹೇಳಿ ಸಯನೈಡ್ ಕೊಟ್ಟು ಬಸ್‌ಸ್ಟ್ಯಾಂಡಿನ ಶೌಚಾಲಯದಾಗ ಸಾಯಿಸಿದಾಂವ, ಇಪ್ಪತ್ತು ಹೆಣಮಕ್ಕಳು. 2023ರಾಗ ಬಂದ ಹಿಂದಿ ಸೀರೀಸು ದಹಾಡ್ ಆ ಕೇಸಿನ ನೆನಪು ತರೂ ಕತಿ, ಅದರಾಗ ಕೊಲೆಗಾರ ಯಾರು ಅಂತ ನಮಗ ಮೊದಲಿಗೇ ಗೊತ್ತಾಗ್ತೈತಿ, ಆದ್ರೂ ಒಂದ ಕ್ಷಣನೂ ಅಂವನ ಬೆನ್ನಿಗೆ ನಿಂದ್ರಬೇಕು ಅನ್ನಿಸಂಗಿಲ್ಲ, ಯಾಕಂದ್ರ ಹುಡುಕಾಕ ಹತ್ತಿದ ಹೆಣ್ಣ ಪೊಲೀಸಿನ ಜೋಡಿ ನಾವು ಒಂದೊಂದ ಮನಿಗೆ ಹೋಗ್ತೀವಿ, ಹೋದ ಮಗಳ ದಾರಿ ನೋಡಾಕ ಹತ್ತಿದ ಮನಿಗಳಿಗೆ. ಹಿಂಗೂ ಮಾಡಾಕ ಬರ್ತೈತಿ ಅಂತ ಆತಲ್ಲ. ನಾ ಕೇಳೂದು ಇಷ್ಟ, ಆ ಬಾಗಲದೊಳಗ ಕ್ಯಾಮೆರಾ ಹೋಗಲಿ.

ಸತ್ತವ್ರ ಕಡೆಯಿಂದ ನೋಡೂ ಈ ಹುಚ್ಚು ನನಗ ಹಿಡಿಸಿದಾಕಿ ನವಲಗುಂದ ಕಡೆಯ ಒಬ್ಬ ಹಿರೇ ಹೆಣಮಗಳು. ಮಗನ್ನ ಹೊಲದ ಬದುವಿನ ಜಗಳದಾಗ ಕೊಂದಾರ. ಸರ್ಕಾರಿ ವಕೀಲರಿಗೆ ಸಹಾಯ ಆಗಲಿ ಅಂತ ಅಕಿ ಕಡೆಯಿಂದ ನಮ್ಮ ಸೀನಿಯರ್ ವಕಾಲತ್ತು ಹಾಕ್ಯಾರ. ಲಾಕ್‌ಡೌನ್ ಮುಗದು ಕೋರ್ಟ್ ಶುರು ಆದ ಮ್ಯಾಲ ತಾರೀಖಿಗೊಮ್ಮೆ ಮುಂಜಾನೆ ಬಸ್ಸಿಗೆ ಬಂದು, ಬುತ್ತಿ ಕಟಗೊಂಡು, ಕೋರ್ಟ್ ಹಾಲಿನ ಹೊರಗ ಕುಂದರ್ತಿದ್ಲು. ಅರಿಬಿ ಚೀಲದಾಗ ಮಗನ ಫೋಟೋ, ಯಾರೂ ಕೇಳಿರಂಗಿಲ್ಲ, ತರ್ತಿದ್ಲು. ಒಂದಿನ ಮಧ್ಯಾಹ್ನ ರೊಟ್ಟಿ ಮುರಕೋತ ನನ್ನ ಕೈ ಹಿಡದು ಕೇಳಿದ್ಲು, "ಯವ್ವಾ, ಆ ಜವಾನ ಪ್ರತಿ ಸಲ ಹೊರಗ ಬಂದು ಅಂವನ ಹೆಸರ ಕೂಗ್ತಾನಲ್ಲ, ಕೊಂದಾಂವಂದು. ಮೂರು ಮೂರು ಸಲ ಕೂಗ್ತಾನ. ನನ್ನ ಮಗಂದು ಯಾವಾಗ ಕೂಗ್ತಾರವಾ?"

ನನ್ನ ಕಡೆ ಉತ್ತರ ಇರಲಿಲ್ಲ. ಕೇಸಿನ ಹೆಸರ ರಾಜ್ಯ ಸರ್ಕಾರ ವಿರುದ್ಧ ಇಂಥಾಂವ. ಫೈಲಿನ ಮ್ಯಾಲ ಇರೂದು ಅಂವನ ಹೆಸರ, ದಿನದ ಕೇಸಿನ ಪಟ್ಟಿಯೊಳಗೂ ಅಂವನ ಹೆಸರ. ಸೀರೀಸಿನ ಹೆಸರೂ ಕೊಂದಾಂವಂದ, ನಾ ಅಲ್ಲೀತನ ಗಮನಿಸಿರಲಿಲ್ಲ. "ನಿಮ್ಮ ಸಾಕ್ಷಿ ದಿನ ನೀವ ಹೇಳ್ರೆವ್ವಾ" ಅಂದೆ, ಬ್ಯಾರೆ ಏನ್ ಹೇಳಲಿ.

ಆ ದಿನ ಕಡಿಗೂ ಬಂತು, ಹೋದ ವರ್ಷ. ಕಟಕಟೆ ಹತ್ತಿದ್ಲು, ಸೆರಗ ಸರಿ ಮಾಡ್ಕೊಂಡ್ಲು. ಸರ್ಕಾರಿ ವಕೀಲರು "ಮೃತ ನಿಮಗ ಏನಾಗಬೇಕು?" ಅಂತ ಕೇಳಿದ್ರು. ಅಕಿ ಮೊದಲ ಅಂವನ ಪೂರಾ ಹೆಸರ ಹೇಳಿದ್ಲು, ಅಪ್ಪನ ಹೆಸರ, ಮನಿತನದ ಹೆಸರ ಸೇರಿಸಿ, ಆಮ್ಯಾಲ ಮನ್ಯಾಗ ಕರಿಯೂ ಹೆಸರ, ಆಮ್ಯಾಲ ಕೂಸಿದ್ದಾಗ ಅಕಿ ಒಬ್ಬಾಕಿನ ಕರೀತಿದ್ದ ಹೆಸರ. ಹಾಲಿನ್ಯಾಗ ಯಾರೂ ಉಸಿರ ಎತ್ತಲಿಲ್ಲ. ಟೈಪ್ ಮಾಡಾಂವ ಕೈ ಎತ್ತಿ ಜಡ್ಜ್ ಸಾಹೇಬ್ರ ಮಾರಿ ನೋಡಿದ. "ಮೃತನು ನನ್ನ ಮಗ" ಅಂತ ಬರಕೋರಿ ಅಂದ್ರು, ಅಷ್ಟ ಟೈಪ್ ಆತು.

ತಮ್ಮ ಶನಿವಾರ ಬರ್ತಾನ. ನೋಡ್ತೀವಿ, ಬ್ಯಾಡ ಅನ್ನಂಗಿಲ್ಲ, ಆದ್ರ ಮೊದಲ ಎರಡನೇ ಸೀಸನ್ ಹಚ್ಚು ಅಂತ ಹೇಳೇನಿ, ಅಂವನ ಬಾಜೂಕ ಕುಂತು ಡೋಕ್ಸ್ ಪಂಜರದಾಗ ಇರೂ ಎಪಿಸೋಡ್ ಇನ್ನೊಮ್ಮೆ ನೋಡಬೇಕಾಗೈತಿ ನನಗ.