‘ಹೊಂದಿಕೊಳ್ಳಿ’ ಅನ್ನುವ ಮುಂಚೆ

ಇವತ್ತು ಒಂದು ಭಾಷಣ ಕೇಳಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಈ ವಿಷಯ ಬಂದರೆ ನಾನು ಸುಮ್ನೆ ಕೂರುವುದಿಲ್ಲ ಅಂತ ನಿಮಗೆಲ್ಲ ಗೊತ್ತು. ಹವಾಮಾನ ಬದಲಾಗಿದೆ, ಬಡ ದೇಶಗಳ ಸಣ್ಣ ರೈತರು ಹೊಂದಿಕೊಳ್ಳುವುದನ್ನು ಕಲಿಯಬೇಕು ಎಂದರು. ಒಂದು ಗಂಟೆಯ ಮಾತಿನಲ್ಲಿ ದುಡ್ಡಿನ ವಿಷಯ ಒಮ್ಮೆಯೂ ಬರಲಿಲ್ಲ.

ಯಾವುದಕ್ಕೆ ಹೊಂದಿಕೊಳ್ಳಬೇಕು? ಸೊಮಾಲಿಯಾ, ಇಥಿಯೋಪಿಯಾ, ಕೀನ್ಯಾದ ಒಣ ಸೀಮೆಯಲ್ಲಿ 2020ರ ಕೊನೆಯಿಂದ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. ಒಂದು ಮಳೆ ಹೋದರೆ ಮನೆಯ ಕಾಳು ಖಾಲಿ. ಎರಡನೆಯದೂ ಹೋದರೆ ಬೀಜಕ್ಕೆ ಎತ್ತಿಟ್ಟದ್ದನ್ನೇ ತಿನ್ನಬೇಕು. ಆಮೇಲೆ ದನ ಮಾರಬೇಕು. ಎಲ್ಲರೂ ಒಟ್ಟಿಗೆ ಮಾರಲು ನಿಂತಾಗ ಕೇಳಿದ ಬೆಲೆ ಯಾರು ಕೊಡುತ್ತಾರೆ? ಕೊನೆಗೂ ಮಳೆ ಬಂದಾಗ ಬಿತ್ತಲು ಬೀಜವಿಲ್ಲ, ಉಳಲು ಎತ್ತಿಲ್ಲ.

ಆಫ್ರಿಕಾದ್ದೇ ಇನ್ನೊಂದು ದೇಶ ಮಲಾವಿಯಲ್ಲಿ ಇದರ ಉಲ್ಟಾ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಬಂದಾಗ ಮೆಕ್ಕೆಜೋಳ ಕೊಯ್ಲಿಗೆ ಹತ್ತಿರವಿತ್ತು. ಹಲವು ಕಡೆ ಬೆಳೆಯ ಜೊತೆ ಮೇಲ್ಮಣ್ಣೂ ಕೊಚ್ಚಿಹೋಯಿತು. ಆ ಮಣ್ಣು ಮುಂದಿನ ವರ್ಷಕ್ಕೆ ವಾಪಸ್ ಬರುವಂಥದ್ದಲ್ಲ, ಅಲ್ವಾ?

ಅವರಿಗೆ ಹೊಂದಿಕೊಳ್ಳಲು ಬರುವುದಿಲ್ಲ ಅಂದವರು ಯಾರು? ಒಂದೇ ಹೊಲದಲ್ಲಿ ನಾಲ್ಕು ಬೆಳೆ ಬೆರೆಸಿ ಬಿತ್ತುವುದು ಮತ್ತೇನು? ಒಂದು ಹೋದರೆ ಇನ್ನೊಂದು ಉಳಿಯಲಿ ಅಂತಲೇ. ಐದು ಎಕರೆಗಿಂತ ಚಿಕ್ಕ ಹೊಲಗಳು ಜಗತ್ತಿನ ಆಹಾರದ ಮೂರನೇ ಒಂದು ಪಾಲು ಬೆಳೆಯುತ್ತವೆ.

ಬರ ತಡೆಯುವ ತಳಿ ಇದೆ, ಹನಿ ನೀರಾವರಿ ಇದೆ, ವಿಮೆ ಇದೆ ಅನ್ನುತ್ತೀರಿ. ಇದೆ, ಒಪ್ಪುತ್ತೇನೆ. ಯಾರ ದುಡ್ಡಲ್ಲಿ? ಇಡೀ ಆಫ್ರಿಕಾ ಬಿಡುವ ಹೊಗೆ ಜಗತ್ತಿನ ಒಟ್ಟು ಹೊಗೆಯಲ್ಲಿ ಶೇ. 4ರ ಆಸುಪಾಸು. ಜಾಸ್ತಿ ಹೊಗೆ ಬಿಟ್ಟ ಶ್ರೀಮಂತ ದೇಶಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮಾವೇಶದಲ್ಲಿ ಬಡ ದೇಶಗಳಿಗೆ ಮಾತು ಕೊಟ್ಟವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ದೊಡ್ಡ ಪಾಲು ಸಾಲ. ಬೇರೆಯವರು ಮಾಡಿದ ಹಾನಿಗೆ ಇವರು ಬಡ್ಡಿ ಕಟ್ಟಬೇಕು!

ಒಂದು ಮಾತು ಹೇಳಿಬಿಡುತ್ತೇನೆ. ಹಿಂದೆ ನಾನೂ ಒಬ್ಬ ರೈತ ಮಹಿಳೆಗೆ ‘ಬೇರೆ ಬೆಳೆ ಹಾಕಬಾರದೇ’ ಎಂದಿದ್ದೆ. ‘ಅದು ಕೈಗೆ ಬರೋವರೆಗೆ ಮಕ್ಕಳಿಗೆ ಏನು ಹಾಕಲಿ’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಅದೇ ಪ್ರಶ್ನೆ ಕೇಳೋಣ ಅಂತ ಕೈ ಎತ್ತಿದೆ. ಸಮಯ ಮುಗಿಯಿತು ಎಂದರು.